ಕೈಬಿಟ್ಟ ಆರನೆಯ ಅಧ್ಯಾಯ

ಮೂರು ವರ್ಷ ನಾನು ಒಬ್ಬ ಸತ್ತ ಹೆಂಗಸಿನ ಜೊತೆ ಬಾಳಿದೆ. ಅವಳು ಅಮೆರಿಕದವಳು, ಹತ್ತೊಂಬತ್ತನೆಯ ಶತಮಾನದವಳು, ಕಥೆ ಕಾದಂಬರಿ ಬರೆದು ಗಂಡ ಮಕ್ಕಳನ್ನು ಸಾಕಿದವಳು. ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಕಡೆ ಅವಳ ಮೇಲೆ ಪಿಎಚ್‌ಡಿ ಪಡೆದವರು ಒಬ್ಬರೇ ಇದ್ದಾರೆ. ಅವಳ ಹೆಸರು ಹೇಳಿದರೆ ಅವರ ಹೆಸರೂ ಹೇಳಿದಂತಾಗುತ್ತದೆ. ಅವರ ಆ ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೆದವಳು ನಾನು.

ಕೆಲಸ ನಡೆದದ್ದು ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಡಿಟಿಪಿ ಅಂಗಡಿಯಲ್ಲಿ. ಎಂಎ ಇಂಗ್ಲಿಷ್ ಮಾಡಿದವಳು ಅಲ್ಲೇನು ಮಾಡುತ್ತಿದ್ದೆ ಎಂದು ಕೇಳಬೇಡಿ. ಒಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ, ಮರುವರ್ಷ ಪಟ್ಟಿಯಲ್ಲಿ ಹೆಸರಿರಲಿಲ್ಲ. ಆಮೇಲೆ ಎಣ್ಣೆ ಮಿಲ್ಲಿನವರ ಲೆಟರ್‌ಹೆಡ್ಡು, ಲಗ್ನಪತ್ರಿಕೆ, ಅಫಿಡವಿಟ್ಟು, ಬಿಎಡ್ ಹುಡುಗಿಯರ ಪ್ರಾಜೆಕ್ಟು ಟೈಪ್ ಮಾಡಿಕೊಂಡಿದ್ದೆ. ಅಂಗಡಿಯಲ್ಲಿ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಒಂದು ಫ್ಯಾನ್ ಇದ್ದವು. ಫ್ಯಾನ್ ಮಾತ್ರ ಮಾಲೀಕನ ಕಡೆಗೇ ತಿರುಗಿರುತ್ತಿತ್ತು.

ಒಂದು ಮಧ್ಯಾಹ್ನ ಅಲ್ಲಿಗೆ ನಮ್ಮ ಮೇಷ್ಟ್ರು ಬಂದರು. ಪದವಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು, ಈಗ ಮೊಳಕಾಲ್ಮೂರಿನ ಕಾಲೇಜಿನಲ್ಲಿದ್ದರು. ನನ್ನ ಉತ್ತರ ಪತ್ರಿಕೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ಹಟ್ಟಿಯಿಂದ ಬಂದ ಹುಡ್ಗಿ ಹೆಂಗ್ ಬರ್ದವ್ಳೆ ನೋಡ್ರಲೇ" ಎಂದು ಹುಡುಗರನ್ನು ಬೈದವರು ಇವರೊಬ್ಬರೇ. ಆ ಒಂದು ಮಾತಿಗೆ ನಾನು ಹದಿನೈದು ವರ್ಷ ಋಣಿಯಾಗಿದ್ದೆ. ಈಗ ಯೋಚಿಸಿದರೆ ಮೈ ಉರಿಯುತ್ತದೆ.

"ಏನಮ್ಮ, ಲಗ್ನಪತ್ರಿಕೆ ಟೈಪ್ ಮಾಡ್ತಾ ಕುಂತಿದ್ದೀಯ? ನಿನ್ ಇಂಗ್ಲಿಷು ತುಕ್ಕು ಹಿಡೀತೈತೆ ಇಲ್ಲಿ," ಎಂದರು.

"ಹೊಟ್ಟೆ ನಡೀಬೇಕಲ್ಲ ಸಾರ್," ಎಂದೆ.

ಅವರು ಪಿಎಚ್‌ಡಿಗೆ ಹೆಸರು ನೋಂದಾಯಿಸಿ ನಾಲ್ಕು ವರ್ಷವಾಗಿತ್ತಂತೆ. ವಿಷಯ, ಆ ಅಮೆರಿಕದ ಲೇಖಕಿಯ ಬದುಕು ಮತ್ತು ಬರವಣಿಗೆ. ಇಷ್ಟು ದಿನದಲ್ಲಿ ಬರೆದದ್ದು ಎರಡೂವರೆ ಪುಟ. ಅದರಲ್ಲೂ ಅರ್ಧ ಪುಟ ಅಮೆರಿಕದ ಭೂಗೋಳ. "ಟೈಮೇ ಸಿಗಲ್ಲಮ್ಮ. ಎಲೆಕ್ಷನ್ ಡ್ಯೂಟಿ, ಪರೀಕ್ಷೆ ಡ್ಯೂಟಿ, ಎನ್ನೆಸ್ಸೆಸ್ ಕ್ಯಾಂಪು. ನೀನು ಸ್ವಲ್ಪ ಕೈ ಜೋಡಿಸ್ಬೇಕು," ಎಂದರು. ನಮ್ಮ ಕಡೆ ಕೈ ಜೋಡಿಸುವುದು ಎಂದರೆ ಏನು ಎಂದು ಡಿಟಿಪಿ ಅಂಗಡಿಯಲ್ಲಿ ಕುಳಿತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಲಗ್ನಪತ್ರಿಕೆಯ ಕಡೆ ತಿರುಗಿದೆ. ಆಗ ಅವರು ನಿಜವಾದ ಮಾತು ತೆಗೆದರು. ಒಬ್ಬ ಗೈಡ್ ಕೈಕೆಳಗೆ ಇಷ್ಟೇ ಜನ ಸಂಶೋಧಕರು ಎಂಬ ಮಿತಿ ಇರುತ್ತದೆ. "ನಂದು ಮುಗೀತು ಅಂದ್ರೆ ನಮ್ ಗೈಡ್ ಹತ್ರ ಒಂದ್ ಸೀಟ್ ಖಾಲಿ ಆಗ್ತೈತೆ. ಆ ಸೀಟು ನಿಂದು. ನಾನೇ ಮುಂದೆ ನಿಂತು ಹಾಕಿಸ್ತೀನಿ. ನಾ ಮುಗಿಸ್ದೆ ಹೋದ್ರೆ ಆ ಸೀಟ್ ಹಂಗೇ ಕೂತಿರ್ತೈತೆ, ನಂಗೂ ಇಲ್ಲ ನಿಂಗೂ ಇಲ್ಲ."

ಪಿಎಚ್‌ಡಿ ಇಲ್ಲದೆ ನನಗೆ ಕಾಲೇಜಿನ ಬಾಗಿಲು ಮತ್ತೆ ತೆರೆಯುವಂತಿರಲಿಲ್ಲ. ಮೂರು ಸಲ ಅರ್ಜಿ ಹಾಕಿ ಮೂರು ಸಲವೂ "ಗೈಡ್ ಹತ್ತಿರ ಜಾಗ ಇಲ್ಲ" ಎಂಬ ಉತ್ತರ ತಂದುಕೊಂಡಿದ್ದೆ. ಹಾಗಾಗಿ ಒಪ್ಪಿದೆ. ಯಾರೂ ನನ್ನ ಕೈ ತಿರುಚಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲಸ ಹಿಡಿದ ಮೇಲೆ ಅರ್ಧಂಬರ್ಧ ಮಾಡುವುದು ನನ್ನ ಸ್ವಭಾವವಲ್ಲ. ಇನ್ನೂರು ಪುಟದ ಗೆರೆ ಹಾಕಿದ ಒಂದು ನೋಟ್‌ಬುಕ್ ತೆಗೆದುಕೊಂಡೆ. ಎಡಗಡೆಯ ಪುಟದಲ್ಲಿ ಅವಳ ಬದುಕಿನ ವರ್ಷಗಳು, ಬಲಗಡೆ ಆ ಮಾತು ಎಲ್ಲಿಂದ ಸಿಕ್ಕಿತು ಎಂಬ ಮೂಲ. ಬಲಗಡೆ ಖಾಲಿ ಇದ್ದರೆ ಎಡಗಡೆಯದನ್ನು ಪ್ರಬಂಧದಲ್ಲಿ ಬಳಸಬಾರದು ಎಂದು ನನಗೆ ನಾನೇ ಕಟ್ಟುಮಾಡಿಕೊಂಡೆ. ಹಳೆಯ ಪುಸ್ತಕಗಳು, ವಾರಪತ್ರಿಕೆಗಳು, ಅವಳ ಒಂದಷ್ಟು ಪತ್ರಗಳು ಸ್ಕ್ಯಾನ್ ಆಗಿ ಇಂಟರ್‌ನೆಟ್ಟಿನಲ್ಲಿದ್ದವು. ಗಿರಾಕಿ ಇಲ್ಲದಾಗ ಓದುವುದು, ಗಿರಾಕಿ ಬಂದರೆ ಕಿಟಕಿ ಮುಚ್ಚಿ ಅಫಿಡವಿಟ್ ತೆರೆಯುವುದು, ಹೀಗೆ ಒಂದು ವರ್ಷ ಬರೀ ಓದಿದೆ.

ಅವಳ ಕಥೆ ಚುಟುಕಾಗಿ ಇಷ್ಟು. ಬಟ್ಟೆ ಗಿರಣಿಗಳ ಊರಿನಲ್ಲಿ ಹುಟ್ಟಿದಳು. ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಗಂಡನನ್ನು ಕಟ್ಟಿಕೊಂಡಳು. ಅಡುಗೆಮನೆಯ ಮೇಜಿನ ಮೇಲೆ ಬರೆದು ಕಥೆ ಕಳಿಸಿದಳು. ಮೊದಲ ಒಂಬತ್ತು ಕಥೆಗಳು "ಒಬ್ಬ ಮಹಿಳೆ" ಎಂಬ ಸಹಿಯಲ್ಲಿ ಅಚ್ಚಾದವು. ಹೆಸರು ಬಂದ ಮೇಲೂ ಅವಳ ಸಂಪಾದನೆ ಕಾನೂನಿನ ಪ್ರಕಾರ ಗಂಡನದೇ ಆಗಿತ್ತು. ಅವಳು ಇದನ್ನು ಗೋಳಾಡಿ ಬರೆದವಳಲ್ಲ, ಹಲ್ಲು ಕಚ್ಚಿ ನಗುತ್ತಾ ಬರೆದವಳು. ಆ ನಗು ನನಗೆ ಬಹಳ ಹಿಡಿಸಿತು. ನನಗೂ ಬೇರೆ ತರಹ ನಗಲು ಬರುವುದಿಲ್ಲ.

ಮೊದಲ ಅಧ್ಯಾಯಕ್ಕೆ ಗೈಡ್ ತಲೆಯಾಡಿಸಿದರು. ಎರಡನೆಯದು ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಬಾಲ್ಯ ಸಾಲದು, ಇನ್ನಷ್ಟು ಬೇಕು" ಎಂದಿತ್ತು. ಬೇಕು ಎಂದರೆ ಎಲ್ಲಿಂದ ತರುವುದು? ಅವಳ ಹುಟ್ಟಿನ ಬಗ್ಗೆ ಸಿಕ್ಕಿದ್ದೆಲ್ಲ ಒಂದೇ ಸಾಲು: ಚಳಿಗಾಲದಲ್ಲಿ, ತಾಯಿಗೆ ಬಹಳ ಕಷ್ಟವಾಗಿ ಹುಟ್ಟಿದಳು. ಎರಡು ವಾರ ಹುಡುಕಿದೆ. ಮೇಷ್ಟ್ರು ದಿನಾ ಫೋನ್ ಮಾಡುತ್ತಿದ್ದರು. "ಒಂದ್ ನಾಕ್ ಪುಟ ಜಾಸ್ತಿ ಮಾಡಮ್ಮ, ಅಷ್ಟೇ. ಗೈಡ್ ಏನ್ ಅಮೆರಿಕಕ್ಕೆ ಹೋಗಿ ನೋಡ್ಕಂಡ್ ಬರ್ತಾರಾ?"

ಆ ವಾರ ನಾನು ಊರಿಗೆ ಹೋಗಿದ್ದೆ. ನಮ್ಮದು ಮೊಳಕಾಲ್ಮೂರಿನ ದಾರಿಯಲ್ಲಿ ಒಳಗೆ ನಾಲ್ಕು ಕಿಲೋಮೀಟರ್ ನಡೆಯಬೇಕಾದ ಹಟ್ಟಿ. ಕುರಿ ಮೇಯಿಸಿದ ಮನೆತನ. ಅವ್ವ ಹೊರಗೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ನಾನು ಸುಮ್ಮನೆ, ನಾನು ಹುಟ್ಟಿದ ದಿನದ ಬಗ್ಗೆ ಕೇಳಿದೆ.

"ಅದ್ಯಾಕೀಗ?" ಎಂದಳು.

"ಹೇಳವ್ವ."

"ಹೇಳಾಕೇನೈತೆ. ಹಟ್ಟಿ ಹೊರ್ಗೆ ಗುಡ್ಲಾಗಿದ್ದೆ. ಮಳೆ ಬತ್ತಿತ್ತು. ಒಬ್ಳೇ. ನೀ ಹುಟ್ಟಿದ್ ಮ್ಯಾಲೆ ಹೊಕ್ಳ ನಾನೇ ಕೊಯ್ದೆ. ನಿಮ್ಮಜ್ಜಿ ದಿನಾ ಬತ್ತಿದ್ಲು. ಕಲ್ ಮ್ಯಾಲೆ ಮುದ್ದೆ ಇಟ್ಟು ಹಿಂದಕ್ ಸರ್ಕಂತಿದ್ಲು. ನಾ ತಗಂಡ್ ಮ್ಯಾಲೆ ಅಲ್ಲೇ ನಿಂತು ಅಳ್ತಿದ್ಲು. ಮುಟ್ತಿರ್ಲಿಲ್ಲ."

"ಮುಟ್ಟಬಹುದಿತ್ತಲ್ಲ, ಯಾರು ನೋಡ್ತಿದ್ರು?"

"ದ್ಯಾವ್ರು ನೋಡ್ತಿರ್ಲಿಲ್ವಾ?" ಎಂದು ಅವ್ವ ನನ್ನನ್ನೇ ದಡ್ಡಿಯನ್ನು ನೋಡುವಂತೆ ನೋಡಿದಳು. ಹೆತ್ತವಳನ್ನು, ಮುಟ್ಟಾದವಳನ್ನು ಹಟ್ಟಿಯ ಹೊರಗಿಡುವುದು ನಮ್ಮಲ್ಲಿ ಪ್ರಶ್ನೆ ಕೇಳುವ ಸಂಗತಿಯೇ ಆಗಿರಲಿಲ್ಲ. ನನ್ನನ್ನೂ ಇಟ್ಟಿದ್ದರು. ಪಿಯುಸಿ ಪರೀಕ್ಷೆಯ ಹಿಂದಿನ ದಿನ ನಾನು ಆ ಗುಡಿಸಿಲಿನಲ್ಲಿ ಓದಿದ್ದೇನೆ.

ಮರುದಿನ ಅಂಗಡಿಗೆ ಬಂದು ಕುಳಿತು ಒಂದೇ ಉಸಿರಿಗೆ ಎರಡು ಪುಟ ಬರೆದೆ. ಗುಡಿಸಿಲನ್ನು ಮನೆಯ ಹಿಂದಿನ ಸೌದೆ ಕೊಟ್ಟಿಗೆ ಮಾಡಿದೆ. ಮಳೆಯನ್ನು ಹಿಮ ಮಾಡಿದೆ. ಮುದ್ದೆಯನ್ನು ರೊಟ್ಟಿ ಮಾಡಿದೆ. ಅಜ್ಜಿ ಬಂದು ಕಲ್ಲಿನ ಮೇಲೆ ಊಟ ಇಟ್ಟು, ಹಿಂದಕ್ಕೆ ಸರಿದು, ಮಗಳನ್ನು ಮುಟ್ಟದೆ ಅತ್ತದ್ದನ್ನು ಮಾತ್ರ ಹಾಗೇ ಬಿಟ್ಟೆ. ಅದನ್ನು ಬದಲಾಯಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಹೆರಿಗೆ ಎಂದರೆ ಹಾಗೇ ಅಲ್ಲವೇ, ಎಲ್ಲಿಯಾದರೂ? ನೋಟ್‌ಬುಕ್ಕಿನ ಬಲಗಡೆಯ ಪುಟ ಖಾಲಿ ಇತ್ತು. ನನ್ನ ಕಟ್ಟಳೆಯನ್ನು ನಾನೇ ಮುರಿದೆ. ಗೈಡ್ ಆ ಅಧ್ಯಾಯದ ಮೇಲೆ "ಬಹಳ ಚೆನ್ನಾಗಿದೆ" ಎಂದು ಬರೆದು ಕಳಿಸಿದರು.

ಮೂರು, ನಾಲ್ಕು, ಐದು ಅಧ್ಯಾಯಗಳು ತಡೆಯಿಲ್ಲದೆ ಆದವು. ಆರನೆಯದನ್ನು ನಾನು ಯಾರೂ ಕೇಳದೆ ಬರೆದೆ. ಅದು ಅವಳ ಕೊನೆಯ ಹತ್ತು ವರ್ಷ. ಪುಸ್ತಕ ಮಾರಾಟವಾಗುವುದು ನಿಂತಿತ್ತು, ಗಂಡ ಸತ್ತಿದ್ದ, ಮಗನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಒಬ್ಬ ಪ್ರಕಾಶಕ ತನಗೆ ಬಂದ ಹಸ್ತಪ್ರತಿಗಳನ್ನು ಓದಿ ಹೇಳುವ ಕೆಲಸ ಕೊಟ್ಟಿದ್ದ. ಅಲ್ಲಿ ಕುಳಿತು ಅವಳು ಬೇರೆ ಊರುಗಳ ಹೆಂಗಸರಿಗೆ, ತನ್ನ ಹಾಗೇ ಅಡುಗೆಮನೆಯಲ್ಲಿ ಬರೆದ ಹೆಂಗಸರಿಗೆ, ನಿರಾಕರಣೆಯ ಪತ್ರ ಬರೆದಳು. ಎಂಥ ಪತ್ರಗಳು! ಒಬ್ಬಳಿಗೆ, ಹೊಲಿಗೆ ಕಲಿತುಕೋ ಎಂಬ ಅರ್ಥದ ಮಾತು. ಇನ್ನೊಬ್ಬಳಿಗೆ, ನಿನ್ನ ದುಃಖ ನಿಜವೇ ಇರಬಹುದು, ಆದರೆ ಬೇಸರ ತರಿಸುತ್ತದೆ ಎಂದು. ಒಂದೊಂದನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ತುಳಿಸಿಕೊಂಡವಳು ತನಗಿಂತ ಕೆಳಗಿದ್ದವಳನ್ನು ತುಳಿದದ್ದನ್ನು ಯಾವ ಸಂಶೋಧಕರೂ ಮುಟ್ಟಿರಲಿಲ್ಲ. ನಾನು ಮುಟ್ಟಿದೆ. ಇಡೀ ಪ್ರಬಂಧದಲ್ಲಿ ನಿಜವಾದ ಹೊಸ ಕೆಲಸ ಅದೊಂದೇ.

ಗೈಡ್‌ಗೆ ಅದು ಹಿಡಿಸಲಿಲ್ಲ. ಮೇಷ್ಟ್ರು ಫೋನ್ ಮಾಡಿದರು. "ಆರನೇದು ತೆಗಿಯಮ್ಮ. ಮಹಾನ್ ಲೇಖಕಿನ ಹಂಗೆ ಕೆಟ್ಟವ್ಳ ತರ ತೋರ್ಸ್ಬಾರ್ದಂತೆ. ಐದಕ್ಕೇ ಮುಗ್ಸು."

"ಸಾರ್, ಅದೇ ಮುಖ್ಯ," ಎಂದೆ.

"ಹಂಗಾರೆ ನೀನೇ ಇಟ್ಕೋ. ನಾಳೆ ನಿನ್ ಪಿಎಚ್‌ಡಿಗೆ ಆಗ್ತೈತೆ. ಹೆಂಗೂ ಫೈಲ್ ಒಂದ್ಸಲ ಕಳ್ಸು, ಓದಿರ್ತೀನಿ."

ನನ್ನ ಪಿಎಚ್‌ಡಿಗೆ! ಆ ದಿನ ಅಂಗಡಿಯ ಮಾಲೀಕನಿಗೆ, ನನಗೆ, ಪಕ್ಕದ ಟೀ ಅಂಗಡಿಯವನಿಗೂ ಸೇರಿಸಿ ಮಂಡಕ್ಕಿ ಮೆಣಸಿನಕಾಯಿ ತರಿಸಿದೆ. ಆರನೆಯ ಅಧ್ಯಾಯವನ್ನು ಬೇರೆ ಫೋಲ್ಡರಿನಲ್ಲಿ ಹಾಕಿ ಅದಕ್ಕೆ "ನನ್ನದು" ಎಂದು ಹೆಸರಿಟ್ಟೆ. ಒಂದು ಪ್ರತಿಯನ್ನು ಮೇಷ್ಟ್ರಿಗೂ ಕಳಿಸಿದೆ, ಅವರು ಕೇಳಿದ್ದರಲ್ಲ.

ಒಪ್ಪಿಸುವ ದಿನ ಹತ್ತಿರ ಬಂತು. ಮುಂದಿನ ಪುಟಗಳನ್ನೂ ನಾನೇ ಟೈಪ್ ಮಾಡಿದೆ. "ಈ ಪ್ರಬಂಧವು ನನ್ನ ಸ್ವಂತ ಸಂಶೋಧನೆಯ ಫಲ" ಎಂಬ ಘೋಷಣೆಯನ್ನು ಅವರ ಹೆಸರಿನ ಮೇಲೆ ಟೈಪ್ ಮಾಡುವಾಗ ನನಗೆ ನಗು ಬಂತು. ಕೃತಜ್ಞತೆಯ ಪುಟವನ್ನು ಮೇಷ್ಟ್ರು ಫೋನಿನಲ್ಲಿ ಹೇಳಿ ಬರೆಸಿದರು. ಮನೆದೇವರು, ತಂದೆತಾಯಿ, ಗೈಡ್, ಪ್ರಿನ್ಸಿಪಾಲರು, ಹೆಂಡತಿ. ಕೊನೆಗೆ, "ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟ ಚಳ್ಳಕೆರೆಯ ಡಿಟಿಪಿ ಅಂಗಡಿಯವರಿಗೆ." ನನ್ನ ಬೆರಳು ಒಂದು ಗಳಿಗೆ ನಿಂತಿತು. "ಬರ್ಕಂಡ್ಯಾ?" ಎಂದರು ಆ ಕಡೆಯಿಂದ. ಬರೆದುಕೊಂಡೆ. ಕಂದು ಬಣ್ಣದ ರೆಕ್ಸಿನ್, ಚಿನ್ನದ ಅಕ್ಷರ, ಐದು ಪ್ರತಿ ಬೈಂಡ್ ಮಾಡಿಸಿ ನಾನೇ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಒಯ್ದು ಕೊಟ್ಟೆ. ಅವರ ಮನೆಯಾಕೆ "ರಾಮ್ಮಾ, ಕೂರ್ಚೋ" ಎಂದು ತೆಲುಗಿನಲ್ಲಿ ಒಳಗೆ ಕರೆದು ಒಬ್ಬಟ್ಟು ಬಡಿಸಿದರು. ಒಳ್ಳೆಯ ಹೆಂಗಸು, ಅವರಿಗೆ ಏನೂ ಗೊತ್ತಿರಲಿಲ್ಲ.

ವೈವಾ ವಿಶ್ವವಿದ್ಯಾಲಯದಲ್ಲಿ. ಸ್ಲೈಡ್ ಬದಲಾಯಿಸಲು ನಾನು ಹೋಗಿದ್ದೆ. ಮೇಷ್ಟ್ರ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಹೊರಗಿನಿಂದ ಬಂದ ಪರೀಕ್ಷಕಿ ವಯಸ್ಸಾದವರು, ಪ್ರಬಂಧದ ತುಂಬ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದರು. ನಿಜವಾಗಿ ಓದಿಕೊಂಡು ಬಂದ ಪರೀಕ್ಷಕರನ್ನು ನೋಡಿದರೆ ಅಭ್ಯರ್ಥಿಗಳಿಗೆ ಜ್ವರ ಬರುತ್ತದೆ, ಮೇಷ್ಟ್ರಿಗೂ ಬಂತು. ಅರ್ಧ ಗಂಟೆ ಹೇಗೋ ನಡೆಯಿತು. ಆಮೇಲೆ ಆಕೆ ಎರಡನೆಯ ಅಧ್ಯಾಯ ತೆರೆದರು.

"ಇಡೀ ಪ್ರಬಂಧದಲ್ಲಿ ನನ್ನ ಮನಸ್ಸು ಕಲಕಿದ್ದು ಈ ಎರಡು ಪುಟ," ಎಂದರು. "ಆದರೆ ಒಂದು ಅರ್ಥವಾಗುತ್ತಿಲ್ಲ. ಅಜ್ಜಿ ಊಟವನ್ನು ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿಯುತ್ತಾಳೆ. ಸ್ವಂತ ಮಗಳನ್ನು ಮುಟ್ಟುವುದಿಲ್ಲ. ಯಾಕೆ? ಆ ಕಾಲದ ಅಮೆರಿಕದ ಮನೆಗಳಲ್ಲಿ ಇಂಥದ್ದನ್ನು ನಾನು ಎಲ್ಲೂ ಓದಿಲ್ಲ. ಇದಕ್ಕೆ ಮೂಲವನ್ನೂ ಕೊಟ್ಟಿಲ್ಲ."

ಆಗ ನನಗೆ ತಿಳಿಯಿತು, ಲೋಕದ ಎಲ್ಲ ಬಾಣಂತಿಯರನ್ನೂ ಹೊರಗಿಡುವುದಿಲ್ಲ ಎಂದು. ಎಂಎ ಓದಿದವಳಿಗೆ, ಅಮೆರಿಕದ ನೂರು ಪುಸ್ತಕ ಓದಿದವಳಿಗೆ, ಆ ಕ್ಷಣದವರೆಗೆ ಅದು ತಲೆಗೆ ಹೋಗಿರಲಿಲ್ಲ.

ಮೇಷ್ಟ್ರು ನೀರು ಕುಡಿದರು. ಮತ್ತೆ ಕುಡಿದರು. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಸತ್ಯ ಹೇಳುತ್ತೇನೆ, ನನಗೆ ಬಹಳ ಹಿತವಾಯಿತು. ಮುಳುಗಲಿ ಎನಿಸಿತು. ಒಂದು ನಿಮಿಷ ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಸಾಕಿತ್ತು. ಆದರೆ ಅವರು ಮುಳುಗಿದರೆ ಸೀಟೂ ಮುಳುಗುತ್ತಿತ್ತು. ಒಂದು ಚೀಟಿಯ ಮೇಲೆ ಬರೆದೆ: "ಆ ವರ್ಷ ಊರಲ್ಲಿ ಸಾಂಕ್ರಾಮಿಕ ಜ್ವರ. ಕುಟುಂಬದ ಅಪ್ರಕಟಿತ ಪತ್ರ. ಅಡಿಟಿಪ್ಪಣಿ ಬಿಟ್ಟುಹೋಗಿದೆ, ಸೇರಿಸುತ್ತೇನೆ." ನೀರಿನ ಬಾಟಲಿ ಸರಿಸುವ ನೆಪದಲ್ಲಿ ಅವರ ಮುಂದೆ ಇಟ್ಟೆ.

ಮೇಷ್ಟ್ರು ಓದಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಎಂಥ ಮಾತು! ಜ್ವರದ ಭಯ, ತಾಯಿಯ ಕರುಳು, ಮುಟ್ಟಲಾರದ ಪ್ರೀತಿ ಎಂದು ಐದು ನಿಮಿಷ ಮಾತಾಡಿದರು. ಇಷ್ಟು ಚೆನ್ನಾಗಿ ಅವರು ನಮಗೆ ಒಂದು ದಿನವೂ ಪಾಠ ಮಾಡಿರಲಿಲ್ಲ. ಪರೀಕ್ಷಕಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹೆಣ್ಣಿನ ನೋವನ್ನು ಒಬ್ಬ ಪುರುಷ ಇಷ್ಟು ಒಳಗಿನಿಂದ ಬರೆಯಬಲ್ಲ ಎಂದು ತಿಳಿದಿರಲಿಲ್ಲ ಎಂದರು. ವರದಿಯಲ್ಲೂ ಹಾಗೇ ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಲ್ಯಾಪ್‌ಟಾಪ್ ಮುಚ್ಚಿ ನಾನೂ ತಟ್ಟಿದೆ. ಅವ್ವ ಮಳೆಯಲ್ಲಿ ಒಬ್ಬಳೇ ಹೆತ್ತದ್ದನ್ನು ಒಂದು ಚೀಟಿಯಲ್ಲಿ ಬರೆದು ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ.

ಡಾಕ್ಟರಾದ ಮೇಲೆ ಮೇಷ್ಟ್ರು ಪ್ರಬಂಧದ ಒಂದು ಪ್ರತಿಯನ್ನು ದೇವರ ಮುಂದಿಟ್ಟು ಪೂಜೆ ಮಾಡಿಸಬೇಕು ಎಂದು ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೊರಟರು. ನನ್ನನ್ನೂ ಕರೆದರು. ಪ್ರತಿಯನ್ನು ಹೊತ್ತು ಮೆಟ್ಟಿಲು ಹತ್ತಿದವಳು ನಾನೇ. ಪೂಜೆ ಮುಗಿದ ಮೇಲೆ ಅವರು ಅಶೋಕನ ಶಾಸನದ ಬಂಡೆಯ ಹತ್ತಿರ ಕರೆದುಕೊಂಡು ಹೋದರು.

"ಇಲ್ನೋಡಮ್ಮ. ಚಕ್ರವರ್ತಿ ಮಾತು ಅಷ್ಟೂ ಕೆತ್ತಿ, ಕೊನೇಗೆ ಬರೆದೋನು ತನ್ನ ಹೆಸ್ರೂ ಹಾಕ್ಕಂಡವ್ನೆ. ಎರಡ್ ಸಾವ್ರ ವರ್ಷದ್ ಹಿಂದೆ! ಬರೆಯೋರಿಗೆ ಎಂಥಾ ಗೌರವ ಇತ್ತು ನೋಡು," ಎಂದರು.

ಅವರು ಚುಚ್ಚಲು ಹೇಳಿದ್ದಲ್ಲ. ಅವರಿಗೆ ಏನೂ ಅನಿಸಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ನಾನು ಎಷ್ಟು ಜೋರಾಗಿ ನಕ್ಕೆ ಎಂದರೆ ಪೂಜಾರಿ ತಿರುಗಿ ನೋಡಿದರು. "ಯಾಕಮ್ಮ?" ಎಂದು ಮೇಷ್ಟ್ರು ತಾವೂ ನಕ್ಕರು.

ಸೀಟು ಖಾಲಿಯಾಯಿತು. ಆ ಮಾತಿಗೆ ಮಾತ್ರ ಅವರು ತಪ್ಪಲಿಲ್ಲ, ಗೈಡ್‌ಗೆ ಫೋನ್ ಮಾಡಿ ನನ್ನ ಹೆಸರು ಹೇಳಿದರು. ಪ್ರವೇಶ ಪರೀಕ್ಷೆ ಬರೆದೆ, ಪಾಸಾದೆ. ಸಂಶೋಧನಾ ಪ್ರಸ್ತಾವ ಸಲ್ಲಿಸಬೇಕಿತ್ತು. ವಿಷಯ ಹುಡುಕುವ ಅಗತ್ಯವೇ ಇರಲಿಲ್ಲ. "ನನ್ನದು" ಎಂಬ ಫೋಲ್ಡರ್ ತೆರೆದು ಆರನೆಯ ಅಧ್ಯಾಯವನ್ನು ಇಪ್ಪತ್ತು ಪುಟದ ಪ್ರಸ್ತಾವ ಮಾಡಿದೆ. ಪ್ರಬಂಧದಲ್ಲಿ ಅದರ ಒಂದು ಸಾಲೂ ಹೋಗಿರಲಿಲ್ಲವಾದ್ದರಿಂದ ವಾಕ್ಯಗಳನ್ನು ಇದ್ದ ಹಾಗೇ ಉಳಿಸಿಕೊಂಡೆ. ಆ ತಿಂಗಳು ನಾನು ಬಹಳ ಸಂತೋಷವಾಗಿದ್ದೆ. ಅಂಗಡಿಗೆ ಸೆಮಿನಾರ್ ಪೇಪರ್ ಟೈಪ್ ಮಾಡಿಸಲು ಬಂದ ಹುಡುಗಿಯೊಬ್ಬಳ ಬರಹ ನೋಡಿ, "ಇದನ್ನ ಬರಿಯೋ ಬದ್ಲು ಬ್ಯೂಟಿ ಪಾರ್ಲರ್ ಕೋರ್ಸ್ ಮಾಡು" ಎಂದು ಗೇಲಿಯನ್ನೂ ಮಾಡಿದೆ. ಅವಳು ಕಾಗದ ಕಿತ್ತುಕೊಂಡು ಹೋದಳು. ನನಗೆ ಮರುಕವೂ ಆಗಲಿಲ್ಲ.

ಸಂದರ್ಶನಕ್ಕೆ ಹೋದಾಗ ಮೇಜಿನ ಆ ಕಡೆ ಗೈಡ್, ಮತ್ತಿಬ್ಬರು ಸದಸ್ಯರು, ಅವರ ಪಕ್ಕ ಒಂದು ಕುರ್ಚಿಯಲ್ಲಿ ನಮ್ಮ ಮೇಷ್ಟ್ರು. ನನಗೆ ಬೆಂಬಲಕ್ಕೆ ಬಂದಿದ್ದಾರೆ ಎಂದುಕೊಂಡು ಕೈ ಮುಗಿದೆ. ಗೈಡ್ ನನ್ನ ಪ್ರಸ್ತಾವವನ್ನು ನನ್ನ ಕಡೆ ತಿರುಗಿಸಿದರು. ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶಕ್ಕೆ ಹಾಕಿ ತೆಗೆದ ಪ್ರತಿ. ಪುಟ ಪುಟವೂ ಕೆಂಪು.

"ಇದು ಇವರ ಲೇಖನ," ಎಂದು ಗೈಡ್ ಮೇಷ್ಟ್ರ ಕಡೆ ತೋರಿಸಿದರು. "ಕಳೆದ ವರ್ಷ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಬಡ್ತಿಗೂ ಅದನ್ನೇ ಸಲ್ಲಿಸಿದ್ದಾರೆ. ಮೂಲ ಲೇಖಕರು ಇರಲಿ ಎಂದು ಕರೆಸಿದ್ದೇವೆ. ನೀವು ಸಾಲು ಸಾಲಾಗಿ ಎತ್ತಿದ್ದೀರಿ."

ನಾನು ಮೇಷ್ಟ್ರ ಮುಖ ನೋಡಿದೆ. ಅವರು ನೊಂದುಕೊಂಡವರಂತೆ ಕುಳಿತಿದ್ದರು. ನಟನೆಯಲ್ಲ, ನಿಜವಾಗಿ ನೊಂದಿದ್ದರು. "ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾಮ್ಮ?" ಎಂದರು.

"ಇದನ್ನ ಬರೆದವಳು ನಾನು," ಎಂದೆ. ಮತ್ತೆ ಜೋರಾಗಿ ಹೇಳಿದೆ, "ಪ್ರಬಂಧವನ್ನೂ ನಾನೇ ಬರೆದದ್ದು. ಫೈಲುಗಳೆಲ್ಲ ನನ್ನ ಹತ್ತಿರ ಇವೆ."

"ಟೈಪ್ ಮಾಡಿದವರ ಹತ್ತಿರ ಫೈಲ್ ಇರದೆ ಎಲ್ಲಿರುತ್ತದೆ?" ಎಂದರು ಒಬ್ಬ ಸದಸ್ಯರು. "ನಿಮ್ಮ ಅಂಗಡಿಗೆ ಇವರು ಕೃತಜ್ಞತೆಯನ್ನೂ ಹೇಳಿದ್ದಾರಲ್ಲ."

"ಎರಡನೆಯ ಅಧ್ಯಾಯದ ಹೆರಿಗೆ ಓದಿ ಸಾರ್. ಅದು ಅಮೆರಿಕದ್ದಲ್ಲ. ನಮ್ಮ ಅವ್ವ ನನ್ನನ್ನು ಹೆತ್ತದ್ದು. ನಮ್ಮ ಹಟ್ಟಿಯಲ್ಲಿ."

ಗೈಡ್ ಪ್ರಬಂಧ ತರಿಸಿದರು. ಪುಟ ತಿರುವಿದರು. ಅಲ್ಲಿ ಅಡಿಟಿಪ್ಪಣಿ ಇತ್ತು: ಸಾಂಕ್ರಾಮಿಕ ಜ್ವರ, ಕುಟುಂಬದ ಅಪ್ರಕಟಿತ ಪತ್ರ. ವೈವಾ ಆದ ಮೇಲೆ ತಿದ್ದುಪಡಿ ಮಾಡಿ ಅದನ್ನು ಸೇರಿಸಿದವಳೂ ನಾನೇ. "ಮೂಲ ಕೊಟ್ಟಿದ್ದಾರೆ. ಪರೀಕ್ಷಕರೂ ಮೆಚ್ಚಿದ್ದಾರೆ," ಎಂದು ಗೈಡ್ ಪುಟ ಮುಚ್ಚಿದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ಖಾತ್ರಿಯಾಯಿತು. ಎಂದೂ ಒಂದು ಪುಟ ಇಂಗ್ಲಿಷ್ ನೆಟ್ಟಗೆ ಬರೆಯದ ವಿದ್ಯಾರ್ಥಿ ಐದು ಅಧ್ಯಾಯ ಬರೆದು ತಂದರೆ ಯಾವ ಗೈಡ್‌ಗೂ ಗೊತ್ತಾಗುತ್ತದೆ.

ಹೊರಗೆ ಹಾಕುವುದೋ, ದೂರು ಕೊಡುವುದೋ ಎಂದು ಅವರವರೇ ಮಾತಾಡಿಕೊಂಡರು. ದೂರು ಕೊಟ್ಟರೆ ಇನ್ನು ಯಾವ ವಿಶ್ವವಿದ್ಯಾಲಯಕ್ಕೂ ನಾನು ಅರ್ಜಿ ಹಾಕುವಂತಿಲ್ಲ. ನನ್ನ ತಲೆ ಬಿಸಿಯಾಗಿ ಏನೇನೋ ಕೂಗಬೇಕೆನಿಸಿತು. ಕೂಗಲಿಲ್ಲ. ಕೂಗಿದರೆ ಮೂರು ವರ್ಷ ಕಳ್ಳ ಪ್ರಬಂಧ ಬರೆದವಳು ಎಂದು ನಾನೇ ಸಾಬೀತು ಮಾಡಿದಂತಾಗುತ್ತಿತ್ತು, ಅವರಿಗೆ ಕೂದಲೂ ಕೊಂಕುತ್ತಿರಲಿಲ್ಲ.

ಆಗ ಮೇಷ್ಟ್ರು ಎದ್ದು ನಿಂತರು. "ಬಿಡ್ರಿ ಸಾರ್," ಎಂದರು. "ನಮ್ ಸ್ಟೂಡೆಂಟು. ಹಟ್ಟಿಯಿಂದ ಬಂದ ಹುಡ್ಗಿ, ತಿಳೀದೆ ಮಾಡವ್ಳೆ. ನಾನು ಕ್ಷಮಿಸಿದೀನಿ. ಒಂದ್ ತಪ್ಪೊಪ್ಪಿಗೆ ಬರ್ಸ್ಕಂಡು ಬಿಟ್ಬಿಡ್ರಿ, ಮುಂದಿನ್ ವರ್ಷ ಬೇರೆ ವಿಷ್ಯ ತಗಂಡು ಬರ್ತಾಳೆ."

ಸದಸ್ಯರು ಅವರ ದೊಡ್ಡ ಮನಸ್ಸನ್ನು ಹೊಗಳಿದರು. ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟರು. ಟೈಪ್ ಮಾಡಿದ್ದು ಬೇಡ, ಸ್ವಂತ ಕೈಬರಹದಲ್ಲೇ ಇರಬೇಕು ಎಂದರು. ಬರೆದೆ. "ಕದ್ದಿದ್ದೇನೆ" ಎಂದು ಬರೆದದ್ದನ್ನು ನೋಡಿ ಮೇಷ್ಟ್ರು ಮರುಕದಿಂದ, "ಅಷ್ಟೆಲ್ಲ ಬ್ಯಾಡ, ಅನುಮತಿ ಇಲ್ಲದೆ ಬಳಸ್ಕಂಡಿದೀನಿ ಅಂತ ಬರಿ ಸಾಕು" ಎಂದರು. ಹೊಡೆದು ಹಾಕಿ ಹಾಗೇ ಬರೆದೆ. ಗೈಡ್ ಓದಿ ನೋಡಿ, ಕೆಳಗೆ ಪೂರ್ತಿ ಹೆಸರು ಬೇಕು, ಬರೀ ಸಹಿ ಸಾಲದು ಎಂದು ವಾಪಸ್ ಕೊಟ್ಟರು.

ತಂದೆಯ ಹೆಸರು ಸೇರಿಸಿ, ಊರು ಸೇರಿಸಿ, ಪೂರ್ತಿ ಬರೆದೆ. ನಾನು ಬರೆದ ನಾನೂರು ಚಿಲ್ಲರೆ ಪುಟಗಳಲ್ಲಿ ನನ್ನ ಹೆಸರಿರುವುದು ಆ ಒಂದು ಹಾಳೆಯ ಮೇಲೆ ಮಾತ್ರ. ಗೈಡ್ ಅದಕ್ಕೆ ತೂತು ಹೊಡೆದು ಫೈಲಿಗೆ ಕಟ್ಟಿದರು.